ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ತಿರುಗುವುದಿಲ್ಲ: ಹಳೆಯ ಜೀಪಿನ ದೋಷ ಕಂಡುಹಿಡಿಯುವ ಕ್ರಮ

1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪೆನಿಯವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಆ ಜಾತಿಯ ಹಳೆಯ ಜೀಪುಗಳು ಬೆಟ್ಟಂಪಾಡಿ, ಇರ್ದೆ, ಪಾಣಾಜೆ ಸುತ್ತಿನ ತೋಟಗಳಲ್ಲಿಯೂ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿಯೂ ಇಂದಿಗೂ ದುಡಿಯುತ್ತಿವೆ. ಅಡಿಕೆ ಮೂಟೆಗಳನ್ನು ಪುತ್ತೂರಿಗೆ ಒಯ್ಯಲು, ಬೋರ್ಡೋ ದ್ರಾವಣಕ್ಕೆ ಮೈಲುತುತ್ತು, ಸುಣ್ಣ ತರಲು ಇದೇ ಆಧಾರ. ಮಳೆಗಾಲದ ರಾತ್ರಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ ಜೀಪು ಹೊರಡದಿದ್ದರೆ ಆಗುವ ಸಂಕಟ ಎಲ್ಲರಿಗೂ ತಿಳಿದದ್ದೇ.

ಇಂತಹ ಸಂದರ್ಭದಲ್ಲಿ ನಮ್ಮಲ್ಲಿ ಅನೇಕರು ಮೊದಲು ಬ್ಯಾಟರಿಯನ್ನು ದೂರುತ್ತಾರೆ. ಹೊಸದನ್ನು ಕೊಂಡು ಹಾಕಿದ ಮೇಲೂ ತೊಂದರೆ ಹಾಗೆಯೇ ಉಳಿಯುತ್ತದೆ. ಸ್ಟಾರ್ಟರ್ ಮೋಟಾರು ರಭಸದಿಂದ ತಿರುಗುತ್ತಿದ್ದು ಎಂಜಿನ್ ಮಾತ್ರ ಅಲುಗದಿದ್ದರೆ, ವಿದ್ಯುತ್ತು ಮೋಟಾರಿಗೆ ತಲಪುತ್ತಿದೆ ಎಂದೇ ಅರ್ಥ. ದೋಷವಿರುವುದು ಮೋಟಾರಿಗೂ ಎಂಜಿನ್ನಿಗೂ ಇರುವ ಕೊಂಡಿಯಲ್ಲಿ.

ಕೊಂಡಿ ಕೆಲಸ ಮಾಡುವ ರೀತಿ

ಸ್ಟಾರ್ಟರಿನ ತುದಿಯಲ್ಲಿ ಕೆಲವೇ ಹಲ್ಲುಗಳುಳ್ಳ ಚಿಕ್ಕ ಗೇರು ಇದೆ. ಇದಕ್ಕೆ ಪಿನಿಯನ್ ಎನ್ನುತ್ತಾರೆ. ಎಂಜಿನ್ನಿನ ಫ್ಲೈವೀಲಿನ ಸುತ್ತ ಬಿಗಿಯಾಗಿ ಕೂರಿಸಿದ, ನೂರರ ಆಸುಪಾಸಿನಲ್ಲಿ ಹಲ್ಲುಗಳುಳ್ಳ ಉಕ್ಕಿನ ಬಳೆಯೇ ರಿಂಗ್ ಗೇರು. ಸ್ಟಾರ್ಟರ್ ಒತ್ತಿದಾಗ ಪಿನಿಯನ್ ಮುಂದೆ ಸರಿದು ಆ ಬಳೆಯ ಹಲ್ಲುಗಳಿಗೆ ಸಿಕ್ಕಿಕೊಳ್ಳಬೇಕು. ಎಂಜಿನ್ ಹೊತ್ತಿದೊಡನೆ ಬಿಟ್ಟು ಹಿಂದೆ ಸರಿಯಬೇಕು. ಪಿನಿಯನ್ ಮುಂದೆ ಬಾರದಿದ್ದರೆ, ಬಂದರೂ ಜಾರಿದರೆ, ಅಥವಾ ಬಳೆಯ ಹಲ್ಲು ಸವೆದಿದ್ದರೆ ಮೋಟಾರು ಒಂಟಿಯಾಗಿ ತಿರುಗುತ್ತದೆ.

ಮೊದಲು ಕಿವಿ, ಅನಂತರ ಸ್ಪ್ಯಾನರು

ಪರೀಕ್ಷೆಗೆ ಮುನ್ನ ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡತಕ್ಕದ್ದು. ಒಬ್ಬರು ಸ್ಟಾರ್ಟರ್ ಒತ್ತಲಿ. ಇನ್ನೊಬ್ಬರು ಎಂಜಿನ್ನಿನ ಮುಂದಿನ ಕೆಳಗಿನ ಪುಲ್ಲಿಯನ್ನು ದೂರದಿಂದಲೇ ಗಮನಿಸಲಿ. ಲುಂಗಿ, ಬೈರಾಸಿನ ತುದಿ ಫ್ಯಾನಿನ ಹತ್ತಿರ ಹೋಗಬಾರದು.

1. “ಟಕ್” ಎಂಬ ಸದ್ದು ಮಾತ್ರ ಬಂದು ಲೈಟು ಮಂಕಾದರೆ, ಅಥವಾ ಪುಲ್ಲಿ ಬಹಳ ನಿಧಾನವಾಗಿ ತಿರುಗಿದರೆ, ಬ್ಯಾಟರಿ, ಅದರ ಟರ್ಮಿನಲ್ ಮತ್ತು ಅರ್ತ್ ತಂತಿಯನ್ನು ನೋಡಬೇಕು.
2. “ಗುಂಯ್” ಎಂದು ಮೋಟಾರು ಹಗುರವಾಗಿ ತಿರುಗಿ ಪುಲ್ಲಿ ನಿಂತೇ ಇದ್ದರೆ ಪಿನಿಯನ್ ಸೇರುತ್ತಿಲ್ಲ ಅಥವಾ ಜಾರುತ್ತಿದೆ.
3. “ಕರಕರ” ಎಂದು ಅರೆಯುವ ಸದ್ದಾದರೆ ಹಲ್ಲುಗಳು ಸವೆದಿವೆ, ಇಲ್ಲವೆ ಸ್ಟಾರ್ಟರಿನ ಬೋಲ್ಟು ಸಡಿಲವಾಗಿದೆ. ಬೋಲ್ಟನ್ನು ಮೊದಲು ಬಿಗಿಮಾಡಿ ನೋಡಿ, ಅದಕ್ಕೆ ಖರ್ಚಿಲ್ಲ.

ಬೆಂಡಿಕ್ಸ್ ಮಾದರಿ

ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಸ್ಟಾರ್ಟರಿನ ಮೈಮೇಲೆ ಬೇರೆ ಚಿಕ್ಕ ಡಬ್ಬಿ ಇರುವುದಿಲ್ಲ. ಮೋಟಾರು ಒಮ್ಮೆಗೆ ರಭಸದಿಂದ ತಿರುಗಿದಾಗ ಪಿನಿಯನ್ ತಿರುಪಿನಂತಹ ದಂಡದ ಮೇಲೆ ಮುಂದಕ್ಕೆ ಓಡುತ್ತದೆ. ಈ ದಂಡದಲ್ಲಿ ಜಿಡ್ಡು ಕಟ್ಟಿದರೆ ಪಿನಿಯನ್ ಓಡದು. ನಮ್ಮ ಮುರಕಲ್ಲಿನ ಕೆಂಪು ಧೂಳು ಎಣ್ಣೆಯೊಂದಿಗೆ ಸೇರಿದರೆ ಅರೆದ ಮಸಾಲೆಯಂತೆ ಅಂಟಿಕೊಳ್ಳುತ್ತದೆ.

ಬ್ಯಾಟರಿ ತಂತಿ ಕಳಚಿ, ಸ್ಟಾರ್ಟರನ್ನು ಹೊರತೆಗೆದು, ಈ ಭಾಗವನ್ನು ಮಾತ್ರ ಸೀಮೆಎಣ್ಣೆಯಲ್ಲಿ ಬ್ರಶ್ಶಿನಿಂದ ತೊಳೆದು ಚೆನ್ನಾಗಿ ಒಣಗಿಸಿ. ಮೋಟಾರಿನೊಳಗೆ ಎಣ್ಣೆ ಇಳಿಯಬಾರದು. ಪಿನಿಯನ್ ಬೆರಳಿನಿಂದಲೇ ಸಲೀಸಾಗಿ ಸರಿಯಬೇಕು. ಇಲ್ಲಿಗೆ ಗ್ರೀಸ್ ಹಚ್ಚಲೇಬಾರದು. ಹಚ್ಚಿದರೆ ಕೆಲವೇ ದಿನಗಳಲ್ಲಿ ಮತ್ತೆ ಜಿಡ್ಡಾಗುತ್ತದೆ. ಅಲ್ಲಿರುವ ದಪ್ಪ ಸ್ಪ್ರಿಂಗ್ ಅಥವಾ ಅದರ ಬೋಲ್ಟು ಮುರಿದಿದ್ದರೂ ಮೋಟಾರು ಬರಿದೆ ತಿರುಗುತ್ತದೆ. ಈ ಮಾದರಿಯಲ್ಲಿ ಮಾತ್ರ, ಬ್ಯಾಟರಿ ಬಲಹೀನವಾಗಿ ಮೋಟಾರು ಮಂದವಾಗಿ ಎದ್ದರೆ ಪಿನಿಯನ್ ಮುಂದೆ ಹಾರದಿರುವುದೂ ಉಂಟು. ಆಗ ಸದ್ದೂ ಮಂದವಾಗಿರುತ್ತದೆ.

ತೊಳೆದ ಮೇಲೂ ಫ್ಲೈವೀಲಿನ ಗೂಡಿನಲ್ಲಿ ಎಂಜಿನ್ ಎಣ್ಣೆ ಕಂಡುಬಂದರೆ ಹಿಂದಿನ ಸೀಲು ಸೋರುತ್ತಿದೆ ಎಂದು ತಿಳಿಯಬೇಕು. ಅದನ್ನು ಸರಿಪಡಿಸದೆ ತೊಳೆದರೆ ಕೆಲಸ ಅರ್ಧವೇ ಆದಂತೆ.

ಸೊಲೆನಾಯ್ಡ್ ಮಾದರಿ

ಸ್ಟಾರ್ಟರಿನ ಬೆನ್ನ ಮೇಲೆ ಚಿಕ್ಕ ಡಬ್ಬಿಯಿದ್ದರೆ ಅದು ಸೊಲೆನಾಯ್ಡ್. ಇದು ಕವಲು ಸನ್ನೆಯ ಮೂಲಕ ಪಿನಿಯನ್ನನ್ನು ಮುಂದೆ ತಳ್ಳುತ್ತದೆ. ಸನ್ನೆ ಅಥವಾ ಅದರ ಪಿನ್ನು ಮುರಿದರೆ ಪಿನಿಯನ್ ಬಾರದು. ಪಿನಿಯನ್ನಿನ ಹಿಂದೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಸ್ಟಾರ್ಟರನ್ನು ಬಿಚ್ಚಿ ಪಿನಿಯನ್ನನ್ನು ಕೈಯಲ್ಲಿ ತಿರುಗಿಸಿ: ಒಂದು ಕಡೆಗೆ ಸುಲಭವಾಗಿ ತಿರುಗಬೇಕು, ಇನ್ನೊಂದು ಕಡೆಗೆ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಕ್ಲಚ್ ಹೋಗಿದೆ. ಕೈಗೆ ಹಿಡಿದದ್ದು ಎಂಜಿನ್ನಿನ ಭಾರಕ್ಕೆ ಜಾರುವುದೂ ಇದೆ. ಈ ಕ್ಲಚ್ಚನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಬಾರದು, ಒಳಗಿನ ಗ್ರೀಸ್ ಕರಗಿಹೋಗುತ್ತದೆ; ಒಣಬಟ್ಟೆಯಿಂದ ಒರಸಿದರೆ ಸಾಕು. ಕೆಟ್ಟ ಕ್ಲಚ್ಚನ್ನು ಪಿನಿಯನ್ ಸಮೇತ ಬದಲಾಯಿಸಿದರೆ ಸಾಕಾಗುತ್ತದೆ. ಇಡೀ ಸ್ಟಾರ್ಟರ್ ಬದಲಾಯಿಸುವ ಅಗತ್ಯವಿಲ್ಲ.

ಬಳೆಯ ಹಲ್ಲು ಸವೆದಿದ್ದರೆ

ನಾಲ್ಕು ಸಿಲಿಂಡರಿನ ಎಂಜಿನ್ ಆರಿಸಿದಾಗ, ಒಳಗಿನ ಗಾಳಿಯ ಒತ್ತಡದಿಂದಾಗಿ, ಹೆಚ್ಚಾಗಿ ಎರಡೇ ಸ್ಥಾನಗಳಲ್ಲಿ ನಿಲ್ಲುತ್ತದೆ. ಇವು ಎದುರುಬದುರಾಗಿರುತ್ತವೆ. ಆದುದರಿಂದ ಪಿನಿಯನ್ ಪ್ರತಿಸಲವೂ ಬಳೆಯ ಆ ಎರಡು ಜಾಗಗಳಿಗೇ ಬಡಿದು ಅಲ್ಲಿಯ ಹಲ್ಲುಗಳನ್ನು ಸವೆಸುತ್ತದೆ. “ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ” ಎಂಬ ದೂರಿಗೆ ಅನೇಕ ಸಲ ಇದೇ ಕಾರಣ.

ಪರೀಕ್ಷೆ ಸುಲಭ. ಸಮತಟ್ಟಾದ ಅಂಗಳದಲ್ಲಿ, ಚಾವಿ ತೆಗೆದು, ಟಾಪ್ ಗೇರಿನಲ್ಲಿ ಜೀಪನ್ನು ಒಂದೆರಡು ಅಡಿ ಮುಂದೆ ದೂಡಿ. ಮತ್ತೆ ನ್ಯೂಟ್ರಲಿಗೆ ತಂದು ಸ್ಟಾರ್ಟರ್ ಒತ್ತಿ. ಈಗ ಹಿಡಿದರೆ, ಮತ್ತು ಇದು ಮರುಕಳಿಸಿದರೆ, ದೋಷ ಬಳೆಯಲ್ಲಿದೆ. ಹಲ್ಲು ಮುರಿಯದಿದ್ದರೆ ವರ್ಕ್‌ಶಾಪಿನವರು ಬಳೆಯನ್ನು ಹದವಾಗಿ ಕಾಯಿಸಿ ತೆಗೆದು, ಕಾಲು ಸುತ್ತು ತಿರುಗಿಸಿ ಕೂರಿಸಬಹುದು. ಸವೆಯದ ಹಲ್ಲುಗಳು ಪಿನಿಯನ್ನಿನ ಎದುರಿಗೆ ಬರುತ್ತವೆ. ಹಲ್ಲು ಮುರಿದಿದ್ದರೆ ಹೊಸ ಬಳೆಯೇ ಬೇಕು. ಗೇರುಪೆಟ್ಟಿಗೆ ಇಳಿಸುವ ಕೆಲಸವಾದ್ದರಿಂದ ಕ್ಲಚ್ ಪ್ಲೇಟನ್ನೂ ಹಿಂದಿನ ಸೀಲನ್ನೂ ಆಗಲೇ ನೋಡಿಸುವುದು ಲಾಭ.

ಮಾಡಬಾರದ್ದು

ಹಿಡಿಯದ ಸ್ಟಾರ್ಟರನ್ನು ಮತ್ತೆ ಮತ್ತೆ ಒತ್ತಬಾರದು. ಒಮ್ಮೆಗೆ 10 ಸೆಕೆಂಡು ಮೀರದಿರಲಿ. ನಡುವೆ ಅರ್ಧ ನಿಮಿಷ ಬಿಡಿ. ಮೋಟಾರು ಪೂರ್ತಿ ನಿಲ್ಲುವ ಮೊದಲು ಪುನಃ ಒತ್ತಿದರೆ ಹಲ್ಲು ಮುರಿಯುತ್ತದೆ. ಕೈ ಹ್ಯಾಂಡಲ್ ಬಳಸುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕು. ಎಂಜಿನ್ ಹಿಂದಕ್ಕೆ ಒದೆದಾಗ ಹೆಬ್ಬೆರಳು ಉಳಿಯುತ್ತದೆ.

ಜೀಪನ್ನು ಯಾವಾಗಲೂ ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿಯೇ ಸ್ಟಾರ್ಟ್ ಮಾಡುವ ಅಭ್ಯಾಸ ನಮ್ಮ ಗುಡ್ಡೆಯ ಊರುಗಳಲ್ಲಿ ಬೆಳೆದಿದೆ. ಒಂದು ದಿನದ ಉಪಾಯಕ್ಕೆ ಅಡ್ಡಿಯಿಲ್ಲ. ಆದರೆ ಬೈಲಿನ ಕೆಸರಿನಲ್ಲಿ ಎಂಜಿನ್ ನಿಂತರೆ ಅಲ್ಲಿ ಇಳಿಜಾರು ಸಿಗುವುದಿಲ್ಲ. ಪತ್ತನಾಜೆಯೊಳಗೆ ತೋಟದ ಚರಂಡಿ ಬಿಡಿಸುವಾಗಲೇ ಸ್ಟಾರ್ಟರನ್ನೂ ಒಮ್ಮೆ ಬಿಚ್ಚಿ ಶುಚಿಮಾಡಿಸಿಕೊಂಡರೆ ಮಳೆಗಾಲ ನೆಮ್ಮದಿಯಿಂದ ಕಳೆಯುತ್ತದೆ.