ಹಳೆಯ ಪಿಕಪ್ ಕೊಂಡ ಮೇಲೆ ಮೊದಲ ವಾರದಲ್ಲಿ ಮಾಡಬೇಕಾದ ಕೆಲಸಗಳು



ಹೋಟೆಲಿನ ಜೊತೆಗೆ ಮದುವೆ, ಮುಂಜಿ, ಆಫೀಸು ಊಟದ ಆರ್ಡರ್ ಹಿಡಿಯುವವರಿಗೆ ಸ್ವಂತ ಗಾಡಿ ಬೇಕೇ ಬೇಕು. ಹೊಸ ಗಾಡಿಗೆ ಬಂಡವಾಳ ಸಾಲದೆ ನಮ್ಮಲ್ಲಿ ಹೆಚ್ಚಿನವರು ಏಳೆಂಟು ವರ್ಷ ಓಡಿದ ಪಿಕಪ್ಪನ್ನೇ ಕೊಳ್ಳುತ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ ಕೊಂಡ ಮರುದಿನವೇ ಪಾತ್ರೆ ತುಂಬಿಸಿ ಓಡಿಸುವುದು ತಪ್ಪು. ನಾವು ಆ ತಪ್ಪನ್ನು ಮಾಡಿಯೇ ಕಲಿತವರು.

2013ರಲ್ಲಿ ಪುಣೆಯಲ್ಲಿ ನಾವು ಒಂಬತ್ತು ವರ್ಷದ ಒಂದು ಡೀಸೆಲ್ ಪಿಕಪ್ ಕೊಂಡೆವು. ಬಣ್ಣ ಹೊಸದು, ಇಂಜಿನ್ ಶಬ್ದ ಚೆನ್ನಾಗಿತ್ತು. ಪೂಜೆ ಮಾಡಿಸಿದೆವು, ಲಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆವು, ನಾಲ್ಕನೆಯ ದಿನ ಖೋಪೋಲಿಯ ಮದುವೆಗೆ 400 ಜನರ ಊಟ ಹೇರಿ ಹೊರಟೆವು. ಖಂಡಾಲ ಘಾಟಿನ ಇಳಿಜಾರಿನಲ್ಲಿ ಅರ್ಧ ಇಳಿದಾಗ ಡ್ರೈವರ್ ನಮ್ಮ ಮುಖ ನೋಡಿ, "ಅಣ್ಣಾ, ಬ್ರೇಕ್ ಹಿಡಿಯುತ್ತಿಲ್ಲ" ಎಂದ. ಪೆಡಲ್ ಪೂರ್ತಿ ಕೆಳಗೆ ಹೋಗುತ್ತಿತ್ತು. ಅವನು ಒಳ್ಳೆಯ ಕೈ. ಗೇರ್ ಒಂದೊಂದಾಗಿ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಗುಡ್ಡದ ಬದಿಗೆ ಗಾಡಿ ನಿಲ್ಲಿಸಿದ. ಸಾಂಬಾರು ಚೆಲ್ಲಿತು, ಜೀವ ಉಳಿಯಿತು. ಬದಲಿ ಗಾಡಿ ಬರುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಆ ಮದುವೆಯ ಯಜಮಾನರ ಮುಂದೆ ಕೈಮುಗಿದು ನಿಂತದ್ದು ಇಂದಿಗೂ ಮರೆತಿಲ್ಲ.

ಗ್ಯಾರೇಜಿನಲ್ಲಿ ಮೇಸ್ತ್ರಿ ಬ್ರೇಕ್ ಆಯಿಲ್ ತೆಗೆದು ತೋರಿಸಿದ. ನಮ್ಮ ಕಾಫಿ ಡಿಕಾಕ್ಷನ್ ಬಣ್ಣ! "ಶೇಠ್, ಇದನ್ನು ವರ್ಷಗಟ್ಟಲೆ ಯಾರೂ ಬದಲಿಸಿಲ್ಲ" ಎಂದ. ಆ ಬಳಿಕ ಇನ್ನೂ ಎರಡು ಹಳೆಯ ಗಾಡಿ ಕೊಂಡಿದ್ದೇವೆ. ಈಗ ನಾವು ಪಾಲಿಸುವ ಕ್ರಮ ಹೀಗಿದೆ.

1. ಮೊದಲು ಬ್ರೇಕ್

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 205 ಡಿಗ್ರಿ ತನಕ ಕುದಿಯುವುದಿಲ್ಲ. ತೇವ ಸೇರಿದರೆ 140 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಇಳಿಜಾರಿನಲ್ಲಿ ಭಾರದ ಗಾಡಿಯನ್ನು ಬ್ರೇಕಿನಲ್ಲೇ ತಡೆದಾಗ ಅಷ್ಟು ಶಾಖ ಸುಲಭವಾಗಿ ಬರುತ್ತದೆ. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಅಮುಕುತ್ತದೆಯೇ ಹೊರತು ಚಕ್ರ ಹಿಡಿಯುವುದಿಲ್ಲ. ಆದುದರಿಂದ ಹಳೆಯ ಆಯಿಲ್ ಪೂರ್ತಿ ತೆಗೆಸಿ, ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಜಾತಿಯ ಆಯಿಲನ್ನೇ ಹಾಕಿಸಿ. ಮುಂದೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ನಾಲ್ಕೂ ಚಕ್ರ ಬಿಚ್ಚಿಸಿ ಲೈನರ್, ಪ್ಯಾಡ್, ರಬ್ಬರ್ ಪೈಪು, ವೀಲ್ ಸಿಲಿಂಡರಿನ ಸೋರಿಕೆ ನೋಡಿಸಿ. ಬೇರಿಂಗಿಗೆ ಹೊಸ ಗ್ರೀಸ್ ಅದೇ ದಿನ ಆಗಲಿ.

2. ಟೈರು

ನೂಲು ಮಾತ್ರ ನೋಡಿ ಮೋಸ ಹೋಗಬೇಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಬದಿಯಲ್ಲಿ ಬಿರುಕು ಬಿಟ್ಟ ಟೈರು ಭಾರ ತಡೆಯದು. ಸ್ಟೆಪ್ನಿ, ಜ್ಯಾಕ್ ಕೂಡ ನೋಡಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

3. ಆಯಿಲ್ ಮತ್ತು ನೀರು

"ಮೊನ್ನೆ ತಾನೇ ಆಯಿಲ್ ಬದಲಿಸಿದ್ದೇವೆ" ಎಂದು ಮಾರುವವರೆಲ್ಲರೂ ಹೇಳುತ್ತಾರೆ. ಬಿಲ್ ಇಲ್ಲದಿದ್ದರೆ ನಂಬಬೇಡಿ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಒಟ್ಟಿಗೆ ಬದಲಿಸಿ. ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಗುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಆದರೆ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದಕ್ಕೆ ನೀರು ಸೇರಿದೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ. ಗೇರ್ ಬಾಕ್ಸ್ ಮತ್ತು ಹಿಂದಿನ ಹೌಸಿಂಗಿನ ಆಯಿಲನ್ನು ಹೆಚ್ಚಿನವರು ಮರೆಯುತ್ತಾರೆ, ಅದನ್ನೂ ನೋಡಿಸಿ.

ರೇಡಿಯೇಟರಿನಲ್ಲಿ ಬರೀ ನಲ್ಲಿ ನೀರು ಇದ್ದರೆ ಒಳಗೆ ತುಕ್ಕು ಹಿಡಿಯುತ್ತದೆ. ತೊಳೆಸಿ ಕೂಲೆಂಟ್ ಹಾಕಿಸಿ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬಾರದು. ಪ್ರೆಶರ್ ಕುಕ್ಕರಿಗೂ ಅದಕ್ಕೂ ಭೇದವಿಲ್ಲ.

4. ಬೆಲ್ಟು, ಬ್ಯಾಟರಿ

ಫ್ಯಾನ್ ಬೆಲ್ಟ್, ರೇಡಿಯೇಟರ್ ಪೈಪು ಬಿರುಕು ಬಿಟ್ಟಿದ್ದರೆ ಬದಲಿಸಿ. ಕೆಲವು ಇಂಜಿನಿಗೆ ಟೈಮಿಂಗ್ ಚೈನ್, ಕೆಲವಕ್ಕೆ ಬೆಲ್ಟ್ ಇರುತ್ತದೆ. ಬೆಲ್ಟ್ ಆಗಿದ್ದು ಯಾವಾಗ ಬದಲಿಸಿದ್ದೆಂದು ತಿಳಿಯದಿದ್ದರೆ ಬದಲಿಸಿಬಿಡಿ. ಅದು ತುಂಡಾದರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವು ಬಾಗಿ ದೊಡ್ಡ ಖರ್ಚು ಬರುತ್ತದೆ. ಬ್ಯಾಟರಿ ರಾತ್ರಿ ನಿಂತ ಮೇಲೆ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 14ರ ಆಸುಪಾಸು ತೋರಿಸಬೇಕು.

5. ಹಿಂದಿನ ತಟ್ಟೆ

ಇದು ನಮ್ಮ ಕಸುಬಿನವರಿಗೇ ಬರುವ ಕಷ್ಟ. ಉಪ್ಪು, ಹುಣಸೆಹುಳಿ ಸೇರಿದ ಸಾರು ಚೆಲ್ಲಿ ತಗಡು ಬೇಗ ತಿಂದುಹೋಗುತ್ತದೆ. ತುಕ್ಕು ಕೆರೆಸಿ ಬಣ್ಣ ಹೊಡೆಸಿ, ನೀರು ಹೋಗುವ ತೂತು ತೆರೆದಿಡಿ, ಪ್ರತಿ ಆರ್ಡರ್ ಮುಗಿದ ರಾತ್ರಿಯೇ ತೊಳೆಸಿ. ಕೆಳಗಿನ ಪಟ್ಟಿ ಸ್ಪ್ರಿಂಗ್ ತುಂಡಾಗಿದೆಯೇ ನೋಡಿಸಿ. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಗ್ರೀಸ್ ಹೊಡೆಸಿ. ಪಾತ್ರೆ ಕಟ್ಟಲು ಕೊಂಡಿ ಹಾಕಿಸಿ. ಹುಡುಗರನ್ನು ಮಾತ್ರ ಪಾತ್ರೆಗಳ ನಡುವೆ ಹಿಂದೆ ಕೂರಿಸಬೇಡಿ.

6. ಕಾಗದಪತ್ರ

ಮಾಲಕತ್ವ ಬದಲಾವಣೆಗೆ ಫಾರ್ಮ್ 29 ಮತ್ತು 30, ಬೇರೆ ರಾಜ್ಯದ ಗಾಡಿಯಾದರೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ, ಬ್ಯಾಂಕ್ ಸಾಲವಿದ್ದರೆ ಅದು ತೀರಿದ ಬಗ್ಗೆ ಫಾರ್ಮ್ 35 ಬೇಕು. ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಬೇಕು. ಬಾಡಿಗೆ ನಂಬರಿನ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಆಗಬೇಕು.

ಕೊನೆಯ ಮಾತು. ಗಾಡಿಯ ಬೆಲೆ ಮಾತಾಡುವಾಗಲೇ ಹತ್ತರಲ್ಲಿ ಒಂದು ಪಾಲನ್ನು ಈ ಕೆಲಸಗಳಿಗೆಂದು ನಾವು ಬೇರೆ ತೆಗೆದಿಡುತ್ತೇವೆ. ಹಾಲಿನ ಲೆಕ್ಕಕ್ಕೆ ಪುಸ್ತಕ ಇಡುವ ಹಾಗೆ ಗಾಡಿಗೂ ಒಂದು ಪುಸ್ತಕ ಇಟ್ಟು, ತಾರೀಕು, ಕಿಲೋಮೀಟರ್, ಬದಲಿಸಿದ ಸಾಮಾನು ಬರೆಯುತ್ತೇವೆ. ಅಂದಿನ ಡ್ರೈವರ್ ಇಂದಿಗೂ ನಮ್ಮಲ್ಲೇ ಇದ್ದಾನೆ. ಯಾವ ಗಾಡಿ ಕೊಂಡರೂ ಬ್ರೇಕ್ ಕೆಲಸ ಆಗದೆ ಅವನು ಕೀ ಮುಟ್ಟುವುದಿಲ್ಲ. ಪೂಜೆ, ಲಿಂಬೆಹಣ್ಣು ಈಗಲೂ ಇದೆ. ಆದರೆ ಗ್ಯಾರೇಜಿನಿಂದ ಬಂದ ಮೇಲೆ.