ಎಲೆ ಮೇಲಿನ ಬಿಳಿ ಪುಡಿಗೆ ಹಾಲು ಸಾಕಾ?

ಹಾಸ್ಟೆಲ್ ಹಿಂದಿನ ಕೈತೋಟದಲ್ಲಿ ನಾವು ಸೌತೆ, ಬೆಂಡೆ, ದಾಸವಾಳ ಹಾಕಿದ್ದೀವಿ. ಗಿಡಕ್ಕೆ ಏನಾದ್ರೂ ಆದ್ರೆ ಸಾಕು, ಎಲ್ಲರ ಹತ್ರನೂ ಒಂದೊಂದು ಮನೆಮದ್ದು ಇರತ್ತೆ: ಹಾಲು, ಬೇವಿನೆಣ್ಣೆ, ಅಡುಗೆ ಸೋಡಾ, ಒಲೆ ಬೂದಿ. ಇದು ಹೊಸದೇನಲ್ಲ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯ ಇದೆ. (ಗೊಮ್ಮಟನ ಚಾವುಂಡರಾಯ ಬೇರೆ, ಇವನು ಬೇರೆ.) ಆದ್ರೆ ಮದ್ದು ಯಾವುದು ಅನ್ನೋಕೆ ಮೊದಲು ರೋಗ ಯಾವುದು ಅಂತ ನೋಡ್ಬೇಕು. ಎರರ್ ಮೆಸೇಜ್ ಓದದೇ ಕೋಡ್ ತಿದ್ದೋಕೆ ಹೋದ್ರೆ ಏನಾಗತ್ತೆ ಅಂತ ನಮಗೆಲ್ಲ ಗೊತ್ತಲ್ಲ!

ಎಲೆ ಮೇಲೆ ಬಿಳಿ ಕಂಡ್ರೆ ಬೆರಳಲ್ಲಿ ಉಜ್ಜಿ ನೋಡಿ. ಟಾಲ್ಕಮ್ ಪೌಡರ್ ಥರ ಅಂಟಿದ್ರೆ ಅದು ಬೂದಿ ರೋಗ, ಒಂದು ಶಿಲೀಂಧ್ರ. ಹತ್ತಿ ಥರ ಇದ್ದು, ಒಳಗೆ ಮೆತ್ತಗಿನ ಹುಳ ಸಿಕ್ಕಿ ಕೈಯೆಲ್ಲ ಅಂಟಂಟಾದ್ರೆ ಅದು ಹಿಟ್ಟು ತಿಗಣೆ. ದಾಸವಾಳಕ್ಕೆ ಬರೋದು ಹೆಚ್ಚಾಗಿ ಇದೇ. ಹಾಲು ಕೆಲಸ ಮಾಡೋದು ಮೊದಲನೆಯದಕ್ಕೆ ಮಾತ್ರ.

ಬೂದಿ ರೋಗದ ಶಿಲೀಂಧ್ರ ಬಹುಪಾಲು ಎಲೆಯ ಮೇಲ್ಮೈಯಲ್ಲೇ ಹರಡಿ, ಸಣ್ಣ ಬೇರಿನಂಥ ಭಾಗಗಳನ್ನು ಹೊರಪದರದ ಕೋಶಗಳಿಗೆ ಇಳಿಸಿ ಆಹಾರ ಹೀರತ್ತೆ. ಮೇಲೇ ಇರೋದ್ರಿಂದ ಸಿಂಪಡಿಸಿದ್ದು ಅದಕ್ಕೆ ತಾಗತ್ತೆ. ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸಿರುಮನೆಯ ಜುಕಿನಿ ಗಿಡಗಳಿಗೆ ಹಸುವಿನ ಹಾಲು ಬೆರೆಸಿದ ನೀರು ಸಿಂಪಡಿಸಿದರು. ಶೇ. 10ರಷ್ಟು ಹಾಲಿದ್ದಾಗಲೇ ರೋಗ ಚೆನ್ನಾಗಿ ಹತೋಟಿಗೆ ಬಂತು. ಅಂದ್ರೆ ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು, ವಾರಕ್ಕೆ ಒಂದೆರಡು ಸಲ, ಎಲೆಯ ಎರಡೂ ಬದಿಗೆ. ಹಾಲು ಜಾಸ್ತಿ ಮಾಡಿದ್ರೆ ಎಲೆ ಮೇಲೆ ಬೇರೆ ಬೂಷ್ಟು ಬೆಳೆಯತ್ತೆ, ವಾಸನೆ ಬೇರೆ. ಪೂರ್ತಿ ಬೆಳ್ಳಗಾದ ಎಲೆ ಮತ್ತೆ ಹಸಿರಾಗಲ್ಲ, ಕಿತ್ತು ಹಾಕಿ. ಇದು ರೋಗ ಶುರುವಾಗುವಾಗ ಮಾಡ್ಬೇಕಾದ ಕೆಲಸ.

ಅಡುಗೆ ಸೋಡಾನೂ ಇದೇ ರೋಗಕ್ಕೆ ಬಳಸ್ತಾರೆ, ಲೀಟರ್‌ಗೆ ಒಂದು ಟೀ ಚಮಚ. ನಮಗೆ ಹಾಲೇ ವಾಸಿ ಅನ್ಸತ್ತೆ. ಸೋಡಾ ಹೆಚ್ಚಾದ್ರೆ ಎಲೆ ಸುಡತ್ತೆ, ಕುಂಡದ ಮಣ್ಣಲ್ಲಿ ಸೋಡಿಯಂ ಸೇರ್ತಾ ಹೋಗತ್ತೆ.

ಹಿಟ್ಟು ತಿಗಣೆಗೆ ಬೇವಿನೆಣ್ಣೆ. ಎಣ್ಣೆ ನೀರಲ್ಲಿ ಬೆರೆಯಲ್ಲ, ಹಾಗಾಗಿ ಲೀಟರ್ ನೀರಿಗೆ 5 ಮಿಲಿ ಎಣ್ಣೆ ಜೊತೆ ಕೆಲವು ಹನಿ ಸೋಪಿನ ದ್ರವ ಹಾಕಿ ಚೆನ್ನಾಗಿ ಕುಲುಕಿ. ಸಂಜೆ ಹೊತ್ತು ಸಿಂಪಡಿಸಿ. ಬೇವಿನ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡತ್ತೆ, ಜೇನುನೊಣಗಳೂ ಆಗ ಇರಲ್ಲ. ಮೊದಲು ಒಂದೇ ಎಲೆಗೆ ಹಾಕಿ ಒಂದು ದಿನ ಕಾಯೋದು ಒಳ್ಳೇದು.

ಇನ್ನು ಬೆಂಡೆ. ಎಲೆಯ ನರಗಳು ಬಲೆ ಹಾಗೆ ಹಳದಿಯಾದ್ರೆ ಅದು ವೈರಸ್, ಬಿಳಿ ನೊಣ ಹರಡಿಸೋದು. ರೋಗ ಗಿಡದ ಒಳಗಿರತ್ತೆ, ಯಾವ ಮನೆಮದ್ದೂ ಅದನ್ನ ವಾಸಿ ಮಾಡಲ್ಲ. ಕಾಯಿ ಬಿಡ್ತಿರೋ ಗಿಡ ಕೀಳೋಕೆ ಮನಸ್ಸು ಬರಲ್ಲ, ನಿಜ. ಆದ್ರೆ ಇನ್ನೊಂದು ವಾರ ನೋಡೋಣ ಅಂತ ಬಿಟ್ರೆ ನೊಣ ಅಲ್ಲಿಂದಲೇ ಪಕ್ಕದ ಸಾಲಿಗೆ ರೋಗ ಒಯ್ಯತ್ತೆ. ಮುಂದಿನ ಸಲ ಬೀಜ ತರುವಾಗ ಅರ್ಕಾ ಅನಾಮಿಕಾ ಕೇಳಿ. ಈ ರೋಗ ತಡೆದುಕೊಳ್ಳಲಿ ಅಂತಲೇ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕೊಟ್ಟ ತಳಿ ಅದು.

ಸೌತೆಗೆ ಹಾಲು ಹಾಕುವಾಗ ಒಂದು ಬಳ್ಳಿಗೆ ಬರೀ ನೀರು ಸಿಂಪಡಿಸಿ, ಎರಡು ವಾರ ಎರಡರದ್ದೂ ಫೋಟೋ ತೆಗೀರಿ. ನೀರಿನ ಬಳ್ಳಿಯೂ ಅಷ್ಟೇ ಚೆನ್ನಾಗಿದ್ರೆ ಹಾಲನ್ನ ಕಾಫಿಗೆ ಇಟ್ಕೊಳ್ಳಿ.