ಕಾಫಿ ಬೀಜ ಹುರಿಯುವಿಕೆ: ರುಚಿ, ತೂಕ ಮತ್ತು ಅಸಲು ಬೆಲೆ

ನಮ್ಮ ಗದಗ ಭಾಗದಲ್ಲಿ ಚಹಾದ ರೂಢಿಯೇ ಹೆಚ್ಚು. ಆದಾಗ್ಯೂ ಮನೆಯಲ್ಲಿಯೇ ಕಾಫಿ ಬೀಜ ಹುರಿದು ಮಾರುವ ಸಣ್ಣ ಉದ್ಯಮ ಆರಂಭಿಸಬಯಸುವವರು ಎರಡು ಸಂಗತಿಗಳನ್ನು ಮೊದಲೇ ಅರಿಯುವುದು ಅವಶ್ಯ: ಬೀಜದ ಮೂಲ ಹಾಗೂ ಹುರಿಯುವಾಗ ಇಳಿಯುವ ತೂಕ. ಶೇಂಗಾ ಹುರಿದು ಮಾರುವ ವರ್ತಕರಿಗೆ ಎರಡನೆಯದು ಹೊಸದಲ್ಲ. ಆದರೆ ಕಾಫಿಯಲ್ಲಿ ಅದನ್ನು ಮರೆತರೆ ಬಂಡವಾಳವೇ ಕರಗುತ್ತದೆ.

ಮೂಲ ಮತ್ತು ರುಚಿ

ದೇಶದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇ. 70 ಪಾಲು ಕರ್ನಾಟಕದ್ದು. 2019ರಲ್ಲಿ ಕೊಡಗು, ಚಿಕ್ಕಮಗಳೂರು ಹಾಗೂ ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಪ್ರತ್ಯೇಕವಾಗಿ ಭೌಗೋಳಿಕ ಗುರುತಿನ (ಜಿ.ಐ.) ಮಾನ್ಯತೆ ದೊರೆಯಿತು. ಎತ್ತರದ ಪ್ರದೇಶದ ಅರೇಬಿಕಾದಲ್ಲಿ ಸುವಾಸನೆ ಮತ್ತು ಹಿತವಾದ ಹುಳಿ ಇರುತ್ತವೆ. ರೋಬಸ್ಟಾ ಕಹಿ, ಗಟ್ಟಿ. ಅದರಲ್ಲಿ ಕೆಫೀನ್ ಸುಮಾರು ಇಮ್ಮಡಿ. ಕರಾವಳಿಯ ಮುಂಗಾರು ಗಾಳಿಗೆ ಒಡ್ಡಿದ ‘ಮಾನ್ಸೂನ್ಡ್ ಮಲಬಾರ್’ ಬೀಜ ಉಬ್ಬಿ, ಹುಳಿ ಕಳೆದುಕೊಂಡು ಮೃದುವಾಗುತ್ತದೆ.

ಹುರಿಯುವ ಕ್ರಮ

ದಪ್ಪ ತಳದ ಬಾಣಲೆಯಲ್ಲಿ ಕೈ ನಿಲ್ಲಿಸದೆ ಕಲಕಬೇಕು. ಬೀಜ ಹಳದಿಯಾಗಿ, ಕಂದಾಗಿ, ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಬಾರಿ ಸಿಡಿಯುತ್ತದೆ. ಇದಾದ ಸ್ವಲ್ಪ ಹೊತ್ತಿಗೆ ಇಳಿಸಿದರೆ ಮೂಲದ ರುಚಿ ಉಳಿಯುತ್ತದೆ. ಎರಡನೆಯ ಸಿಡಿತವನ್ನೂ ದಾಟಿ ಎಣ್ಣೆ ಹೊಮ್ಮುವವರೆಗೆ ಹುರಿದರೆ ಸುಟ್ಟ ಕಹಿಯೇ ಮೇಲಾಗಿ, ಊರೂರಿನ ವ್ಯತ್ಯಾಸ ಅಳಿಯುತ್ತದೆ. ಅಂದರೆ ಹೆಚ್ಚು ಬೆಲೆ ತೆತ್ತು ತಂದ ಬೀಜವನ್ನು ಕಪ್ಪಾಗಿಸುವುದು ಹಣ ಸುಟ್ಟಂತೆಯೇ ಸರಿ. ಹುರಿದೊಡನೆ ಮೊರದಲ್ಲಿ ಹರಡಿ ತಣಿಸಿ, ಹೊಟ್ಟು ಕೇರಬೇಕು.

ಅಸಲಿನ ಲೆಕ್ಕ

ಉದಾಹರಣೆಗಾಗಿ, ಕಿಲೋಗೆ ರೂ. 500ರಂತೆ 10 ಕಿಲೋ ಹಸಿ ಬೀಜಕ್ಕೆ ರೂ. 5,000; ಇಂಧನ, ಕೂಲಿ ರೂ. 400 ಎಂದಿಟ್ಟುಕೊಳ್ಳೋಣ. ಒಟ್ಟು ರೂ. 5,400. ಅಸಲು ಕಿಲೋಗೆ ರೂ. 540 ಎಂದು ತಿಳಿದು ರೂ. 600ಕ್ಕೆ ಮಾರಿದವರು ರೂ. 60 ಲಾಭವೆಂದು ಭಾವಿಸುತ್ತಾರೆ. ಆದರೆ ಶೇ. 16 ತೂಕ ಇಳಿದರೆ ಕೈಗೆ ಬರುವುದು 8.4 ಕಿಲೋ, ನಿಜವಾದ ಅಸಲು ಸುಮಾರು ರೂ. 643. ಪ್ರತಿ ಕಿಲೋಗೆ ರೂ. 43 ನಷ್ಟ! ಕಪ್ಪಾಗಿ ಹುರಿದು ಶೇ. 20 ಇಳಿದರೆ ಅಸಲು ರೂ. 675.

ದಾಖಲೆ

ಪ್ರತಿ ಸಲವೂ ಹುರಿಯುವ ಮುಂಚಿನ ಹಾಗೂ ನಂತರದ ತೂಕವನ್ನು ದಾಸ್ತಾನು ಪುಸ್ತಕದಲ್ಲಿ ಬರೆಯಿರಿ. ಇಲ್ಲವಾದರೆ ಇಳಿದ ತೂಕವು ಲೆಕ್ಕಕ್ಕೆ ಬಾರದ ಮಾರಾಟದಂತೆ ತೋರೀತು. ಹುರಿಯದ ಬೀಜಕ್ಕೆ ಜಿ.ಎಸ್.ಟಿ. ಇಲ್ಲ, ಹುರಿದದ್ದಕ್ಕೆ ಶೇ. 5 ಇದೆ. ಚಿಕೋರಿ ಬೆರೆಸಿದಲ್ಲಿ ಅದು ಶೇ. 49 ಮೀರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯ.

ಮೊದಲು ಒಂದು ಕಿಲೋ ಹುರಿದು, ತೂಗಿ, ಕುಡಿದು ನೋಡಿ. ಬೆಲೆ ನಿಗದಿ ಆಮೇಲಿರಲಿ.